ಎರಡನೆಯ ಹಗೇವು

‘ಕಂದೀಲ ಉರ್ಯಾಕತ್ತದೇನ್ಲೇ?’ ಎಂದು ಕಾಕಾ ಕೇಳಿದರು. ಹಗ್ಗ ಹಿಡಿದು ನಿಂತಿದ್ದ ನಾನು ಬಗ್ಗಿ ನೋಡಿ ‘ಉರ್ಯಾಕತ್ತದ್ರಿ’ ಅಂದೆ. ಸುಳ್ಳು ಹೇಳಲಿಲ್ಲ. ಕಂದೀಲು ಉರಿಯುತ್ತಲೇ ಇತ್ತು. ಆದರೆ ಅದು ತೂಗಾಡುತ್ತಿದ್ದುದು ಹಗೇವಿನ ಬಾಯಿಗೂ ಒಳಗಿನ ಜೋಳಕ್ಕೂ ನಡುವೆ. ಹಗ್ಗ ಗಿಡ್ಡದಾಗಿ ಕಂದೀಲು ಜೋಳ ಮುಟ್ಟಿರಲಿಲ್ಲ.

ಹಗೇವು ಎಂದರೆ ಜೋಳ ಇಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಹೊದಿಸಿ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಗಾಳಿಯಾಡದ್ದರಿಂದ ಹುಳ ಬೀಳುವುದಿಲ್ಲ. ಅದೇ ಕಾರಣಕ್ಕೆ, ತೆರೆದ ಕೂಡಲೇ ಇಳಿದ ಮನುಷ್ಯನೂ ಉಳಿಯುವುದಿಲ್ಲ. ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರಷ್ಟೇ ಇಳಿಯುತ್ತಾರೆ. ಹಿರೋಳ್ಳಿಯ ನಮ್ಮ ಹಿತ್ತಲಲ್ಲಿ ಅಂಥವು ಎರಡಿದ್ದವು. ಆ ವರ್ಷ ಎರಡೂ ಅರ್ಧವಷ್ಟೇ ತುಂಬಿದ್ದವು. ಬಾಯಿಯಿಂದ ಜೋಳದವರೆಗೆ ಎರಡಾಳು ಆಳ ಬರಿದಾಗಿತ್ತು.

ಎಪ್ಪತ್ತರ ದಶಕದ ಕೊನೆ. ನಾನು ಗುಲ್ಬರ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ಭಾರ, ತಳ ಹಿಡಿದು ಕೂರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಹಿತ್ತಲಲ್ಲಿ ನಿಂತಾಗ ಅದು ನೆನಪಾಗಲಿಲ್ಲ.

ಅವ್ವ ಹಟ ಹಿಡಿದದ್ದರಿಂದ ಕಾಕಾ ಕಂಕುಳಡಿ ಇನ್ನೊಂದು ಹಗ್ಗ ಕಟ್ಟಿಕೊಂಡು ಇಳಿದಿದ್ದರು. ‘ಒಳಗ ತಂಪ್ ಅದಲೇ, ಒಂದ್...’ ಎಂದರು. ಮುಂದಿನ ಮಾತು ಬರಲಿಲ್ಲ. ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿ ಚಾಚಾ ಮತ್ತು ಇಬ್ಬರು ಆಳುಗಳು ಎಳೆದರು. ಬಾಯಿಯ ಕಲ್ಲಿಗೆ ತಲೆ ಬಡಿದ ಸದ್ದು ಕೇಳಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಚಾಚಾ ಕೆನ್ನೆಗೆ ಹೊಡೆದರು, ನೀರು ಚಿಮುಕಿಸಿದರು, ಮತ್ತೆ ಹೊಡೆದರು. ಕೊನೆಗೆ ಕಾಕಾ ಕೆಮ್ಮಿ, ಕಣ್ಣು ಬಿಟ್ಟು, ‘ನನ್ನ ರುಮಾಲೆಲ್ಲಿ?’ ಎಂದರು. ಎಲ್ಲರೂ ನಕ್ಕರು. ನಾನು ಕಂದೀಲು ಮೇಲೆಳೆದೆ; ಅದು ಇನ್ನೂ ಉರಿಯುತ್ತಿತ್ತು, ಹಗ್ಗ ಎರಡಾಳು ಉದ್ದವೂ ಇರಲಿಲ್ಲ.

ಹಗ್ಗ ಗಿಡ್ಡವಿತ್ತೆಂದು ಯಾರೂ ಗಮನಿಸಿರಲಿಲ್ಲ. ಗೊತ್ತಾದದ್ದು ನನಗೊಬ್ಬನಿಗೇ. ಈಗಲೂ ಯಾರಾದರೂ ‘ಎಲ್ಲ ಸರಿ ಅದ ಏನು?’ ಎಂದು ಕೇಳಿದರೆ ನಾನು ಎರಡು ಸಲ ನೋಡಿ ಹೇಳುತ್ತೇನೆ.

ಮೊದಲ ಹಗೇವಿನ ಜೋಳವನ್ನು ಎರಡು ದಿನ ಬಿಟ್ಟು ಆಳುಗಳು ತೆಗೆದರು. ಎರಡನೆಯದನ್ನು ತೆಗೆಸುವ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ಇನ್ನೂ ಹೊರಸು ಬಿಟ್ಟು ಏಳುತ್ತಿರಲಿಲ್ಲ. ಅದರ ಬಾಯಿಗೆ ಮೆತ್ತಿದ ಮಣ್ಣು ಬಿರುಕು ಬಿಟ್ಟಿತ್ತು. ಮುಂಗಾರಿನ ಮೊದಲ ಮಿರಗ ಮಳೆ ಬಿದ್ದು ನೀರು ಇಳಿದರೆ ವರ್ಷದ ರೊಟ್ಟಿ ನೆಲದಲ್ಲೇ ಕೊಳೆಯುತ್ತಿತ್ತು. ಗೊತ್ತಿದ್ದೂ ನಾನು ದಿನ ದೂಡಿದೆ. ಉದ್ದನೆಯ ಹಗ್ಗ ತರುತ್ತೇನೆಂದು ಆಳಂದಕ್ಕೆ ಹೋಗಿ, ಹಗ್ಗವೊಂದನ್ನು ಬಿಟ್ಟು ಉಳಿದದ್ದೆಲ್ಲ ತಂದೆ. ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದೆ.

‘ಬಿಎಸ್ಸಿ ಸಾಹೇಬ್ರು ಅಮಾಸಿ ನೋಡಾಕತ್ತಾರ, ನೋಡ್ರಿ ಬಾಯಾರ’ ಎಂದು ಚಾಚಾ ಗೋಡೆಯಾಚೆಯಿಂದ ಅವ್ವನಿಗೆ ಹೇಳಿ ನಕ್ಕರು.

ಪಡುವಣದಲ್ಲಿ ಮೋಡ ಕಟ್ಟಿದ ಒಂದು ಮುಂಜಾನೆ ಅವ್ವ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: ‘ನೀ ಇಳೀಬ್ಯಾಡ. ಬರೇ ಕಲ್ಲ ಸರಿಸಿ ಬಾ. ಅಷ್ಟರಾಗ ಚಾ ಆಗ್ತದ.’

ಕಲ್ಲು ಸರಿಸುವುದಷ್ಟೇ ಎಂದುಕೊಂಡು ಹಾರೆ ಹಿಡಿದು ಹೋದೆ. ಚಾಚಾ ಒಂದು ಬದಿ ಎತ್ತಿದರು. ಒಳಗಿನಿಂದ ಹುಳಿಯಾದ ಬಿಸಿ ವಾಸನೆ ಬಂತು. ಹೇಗೂ ಬಂದಿದ್ದೇನಲ್ಲ ಎಂದುಕೊಂಡು, ಚಾಚಾ ಗೋಡೆಗೆ ಅಟ್ಟಣಿಗೆ ಕಟ್ಟಲು ಬಳಸುವ ಉದ್ದನೆಯ ಹಗ್ಗಕ್ಕೆ ಕಂದೀಲು ಬಿಗಿದು ಇಳಿಬಿಟ್ಟೆ. ಒಂದು ಮೊಳ ಹೋಗುವಷ್ಟರಲ್ಲಿ ಉರಿ ಕುಗ್ಗಿ ಆರಿತು. ಎಳೆದು, ಹಚ್ಚಿ, ಮತ್ತೆ ಬಿಟ್ಟೆ. ಅದೇ ಜಾಗದಲ್ಲಿ ಆರಿತು. ಅಲ್ಲಿ ಯಾರೋ ಕೂತು ಬತ್ತಿ ಚಿವುಟುತ್ತಿದ್ದಾರೇನೋ ಅನ್ನುವ ಹಾಗೆ! ಕಣ್ಣಿಗೆ ಕಾಣದ ಆ ಕೆಟ್ಟ ಗಾಳಿಯ ಮೇಲ್ಮೈ ಕೆರೆಯ ನೀರಿನಷ್ಟು ಸಮನಾಗಿದೆಯೇ? ಅಂಚಿನಲ್ಲಿ ಬೇರೆ, ನಡುವೆ ಬೇರೆ ಇರಬಹುದೇ? ಉರಿ ಆರಿದ ಮಟ್ಟದ ಗುರುತಿಗೆ ಹಗ್ಗಕ್ಕೊಂದು ಗಂಟು ಹಾಕಿ, ಬಾಯಿಯ ಆ ಬದಿ ಈ ಬದಿ ಇಳಿಬಿಟ್ಟು ನೋಡಿದೆ.

‘ಚಾ ಆರಿ ನೀರಾತಲ್ಲೋ!’ ಎಂದು ಅವ್ವ ಕೂಗಿದಾಗಲೇ ಹೊತ್ತು ಹೋದದ್ದು ತಿಳಿದದ್ದು.

ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗದಲ್ಲಿ ಇಳಿಸಿ ಎತ್ತಿ ಇಳಿಸಿ ಒಳಗಿನ ಗಾಳಿ ಕಲಕಿದೆವು. ಮರುದಿನ ಕಂದೀಲು ಎರಡು ಮೊಳ ಕೆಳಗೆ ಹೋಗಿ ಆರಿತು, ಹಗ್ಗಕ್ಕೆ ಇನ್ನೊಂದು ಗಂಟು ಬಿತ್ತು. ಅದರ ಮರುದಿನ ಇನ್ನಷ್ಟು ಕೆಳಗೆ. ಮುಂಜಾನೆ ಎದ್ದು ಮುಖ ತೊಳೆಯುವ ಮೊದಲೇ ಹಿತ್ತಲಿಗೆ ಓಡುತ್ತಿದ್ದೆ. ಹೆದರಿಕೆ ಇದ್ದೇ ಇತ್ತು. ಆದರೆ ಅದು ಎಲ್ಲಿಂದ ಶುರುವಾಗುತ್ತದೆ ಎಂದು ಈಗ ಬೆರಳಿಟ್ಟು ತೋರಿಸಬಹುದಿತ್ತು.

ಮೂರನೆಯ ದಿನ ಕಾಕಾ ಗೋಡೆ ಹಿಡಿದು ನಡೆದು ಬಂದರು. ‘ಇವೇನ್ಲೇ ಗಂಟು?’

ವಿವರಿಸುತ್ತ ಹೋದವನಿಗೆ ನಡುವೆ ನಿಲ್ಲಲಾಗಲಿಲ್ಲ. ‘ಅವತ್ತಿನ ಹಗ್ಗ ಗಿಡ್ಡ ಇತ್ರಿ ಕಾಕಾ. ಕಂದೀಲ ತಳ ಮುಟ್ಟಿದ್ದಿಲ್ಲ. ನಾ ನೋಡ್ಲಿಲ್ರಿ.’

ಕಾಕಾ ಗಂಟುಗಳನ್ನು ಒಂದೊಂದಾಗಿ ಮುಟ್ಟಿದರು. ‘ಹಗೇವ ತುಂಬಿದ್ದಾಗ ಅದೇ ಹಗ್ಗ ಸಾಕಾಗ್ತಿತ್ತು. ನಮ್ಮಪ್ಪನ ಕಾಲದ್ದು ಅದು. ಈ ವರ್ಷ ಅರ್ಧ ಅದ ಅಂತ ನನಗಾರ ಹೊಳೀಬೇಕಿತ್ತಿಲ್ಲ?’ ಎಂದರು. ಹಗ್ಗವನ್ನು ನನ್ನ ಕೈಗೆ ಕೊಡುತ್ತ, ‘ಮತ್ತ ಇವತ್ತೇನ್ ಅಂತದ ನಿನ್ ಕಂದೀಲ?’

ಮರುದಿನ ಅದು ಜೋಳದ ಮೇಲೆ ಕೂತು, ನಾವು ಊಟ ಮುಗಿಸಿ ಬರುವವರೆಗೂ ಉರಿಯಿತು. ನಾನು ಕಂಕುಳಡಿ ಹಗ್ಗ ಕಟ್ಟಿಕೊಂಡೆ.

‘ಬಾಯಿ ಮುಚ್ಚಬ್ಯಾಡ’ ಎಂದರು ಕಾಕಾ. ‘ಮಾತು ನಿಂತಿತಂದ್ರ ಎಳದಽ ಬಿಡ್ತೇವಿ.’

ಏನು ಮಾತಾಡುವುದು? ಬಾಯಿಪಾಠವಿದ್ದದ್ದು ಒಂದೇ. ಹೈಡ್ರೋಜನ್, ಹೀಲಿಯಂ, ಲಿಥಿಯಂ ಎನ್ನುತ್ತ ಇಳಿದೆ. ಮೇಲಿನಿಂದ ಚಾಚಾ, ‘ಯಾ ಅಲ್ಲಾ, ಏನ್ ಮಂತ್ರರೀ ಅದು?’ ಎಂದರು. ನಗು ಬಂದು ನಿಯಾನ್ ಹತ್ತಿರ ತಡವರಿಸಿದೆ. ಹಗ್ಗ ಕೂಡಲೇ ಬಿಗಿಯಿತು. ‘ಇದೀನ್ರಿ, ಇದೀನ್ರಿ!’ ಎಂದು ಕಿರುಚಿದೆ.

ಕಾಲಡಿಯ ಜೋಳ ಹೆಂಟೆಗಟ್ಟಿ ಕಪ್ಪಾಗಿತ್ತು. ಮಂಡಿಯೂರಿ ಕೈಯಿಂದ ಒಡೆದೆ, ಕೆದರಿದೆ. ಒಂದು ಗೇಣಿನ ಕೆಳಗೆ ಕಾಳು ಬಿಡಿಬಿಡಿಯಾಗಿ, ಬೆಳ್ಳಗೆ, ಒಣಗಿಯೇ ಇತ್ತು. ಒಂದನ್ನು ಬಾಯಿಗೆ ಹಾಕಿ ಕಡಿದೆ. ಕಟ್ ಎಂದಿತು.

‘ಮ್ಯಾಲಿಂದು ಗೇಣುದ್ದ ಹೋಗ್ಯಾದ್ರಿ’ ಎಂದು ಕೂಗಿದೆ. ‘ತಳಗಿಂದು ಛಲೋ ಅದ!’

ಬಾಯಿಯ ಬೆಳಕಿಗೆ ಅವ್ವನ ತಲೆ ಅಡ್ಡ ಬಂತು. ‘ಬುಟ್ಟಿ ಬಿಡ್ತೇನಿ, ತಲಿ ಸರಿಸ್ಕೋ.’