ತಡೆದಿಟ್ಟ ಮೇಲ್‌ಗಳು

ಮೊನ್ನೆ ಗದಗಿನ ಝೆರಾಕ್ಸ್ ಅಂಗಡಿಯಲ್ಲಿ ನನ್ನ ನವೀಕರಿಸಿದ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಯಂತ್ರಕ್ಕೆ ಹಾಕಿದಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಬೆಟಗೇರಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನನಗೆ ಕಲಿಸಿದ ಅಕ್ಕೋರು ಪಾಸಾದವರ ಸರ್ಟಿಫಿಕೇಟುಗಳನ್ನು ತಾವೇ ಹೀಗೆ ಲ್ಯಾಮಿನೇಷನ್ ಮಾಡಿ ಕೊಡುತ್ತಿದ್ದರು, ಅಂಚು ಕತ್ತರಿಸುವಾಗ ಸಣ್ಣ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು...

ನಾನಾಗ ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಸುತ್ತಲಿನ ಊರುಗಳ ಮಿಲ್ಲು, ಪ್ರೆಸ್ಸು, ಆಸ್ಪತ್ರೆಗಳ ಇಮೇಲ್ ಸರ್ವರ್ ನೋಡಿಕೊಳ್ಳುವ ಸಲಹೆಗಾರ್ತಿ ಆಗಬೇಕೆಂಬ ಹಟ. ಆದರೆ ಯಾವ ಪರೀಕ್ಷೆ ಬರೆಯುವುದು? ದೊಡ್ಡ ಕಂಪನಿಯ ಸರ್ವರಿನದೊಂದು, ಪುಕ್ಕಟೆ ಸಿಗುವ ಲಿನಕ್ಸಿನದೊಂದು, ಮೇಲ್ ಭದ್ರತೆಯದೊಂದು. ನಾನು ದೊಡ್ಡ ಹೆಸರಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಯಾರ ಮೇಲ್ ಕಾಯಾಕಿ ನೀ? ಮೊದ್ಲ ಅವ್ರನ್ನ ಕೇಳ್ಕೊಂಡು ಬಾ,” ಎಂದರು ಅಕ್ಕೋರು.

ಕೈಗೊಂದು ನೋಟ್‌ಬುಕ್ ಕೊಟ್ಟು ಅಟ್ಟಿಯೇಬಿಟ್ಟರು. ಶಿರಹಟ್ಟಿ, ಮುಂಡರಗಿ ತಿರುಗಿದೆ. ಒಬ್ಬ ಹತ್ತಿ ವ್ಯಾಪಾರಿ ಚಹಾ ಕುಡಿಸಿ, ತನ್ನ ಮೇಲ್ ಎಲ್ಲಿದೆಯೋ ತನಗೇ ಗೊತ್ತಿಲ್ಲ ಎಂದ. ಹೆಚ್ಚಿನವರದು ಲಿನಕ್ಸ್ ಎಂದು ಗೊತ್ತಾಯಿತು. ಅದನ್ನೇ ಮೊದಲು ಬರೆದೆ, ಪಾಸಾದೆ. ಭದ್ರತೆಯ ಪರೀಕ್ಷೆಗೆ ಓದುವಾಗ ಮಾತ್ರ ನಮ್ಮಿಬ್ಬರಿಗೆ ಜಟಾಪಟಿ ಆಯಿತು. ಗುರುತು ಸಿಗದ ಸರ್ವರಿನಿಂದ ಬಂದ ಮೇಲನ್ನು ತಡೆದಿಟ್ಟು, ವಾರದ ಮೇಲೆ ತಾನಾಗಿ ಅಳಿಸಿಹೋಗುವಂತೆ ಮಾಡು ಎನ್ನುತ್ತಿತ್ತು ಪುಸ್ತಕ.

“ಪರೀಕ್ಷಾದಾಗ ಹಂಗ ಬರಿ. ಕೆಲಸದಾಗ ಮಾತ್ರ ದಿನಾ ಮುಂಜಾನಿ ತಡದಿಟ್ಟಿದ್ದನ್ನ ಒಮ್ಮಿ ನೋಡು. ಅದರಾಗ ಯಾರರ ಖರೇನ ಬರದಿರ್ತಾರ,” ಎಂದರು ಅಕ್ಕೋರು.

ಅವರು ಹಾಗೆಯೇ ಮಾಡುತ್ತಿದ್ದರು, ಚಹಾ ಕುಡಿಯುತ್ತ, ಒಂದೊಂದನ್ನೇ ನೋಡುತ್ತ. ಕೆಲವು ವರ್ಷ ನಾನೂ ಮಾಡಿದೆ. ಮೂರೂ ಸರ್ಟಿಫಿಕೇಟುಗಳು ಗೋಡೆಗೆ ಬಂದವು, ಗಿರಾಕಿಗಳು ಹೆಚ್ಚಿದರು, ಜಾಣತನ ತಲೆಗೇರಿತು. ನೋಡುವುದನ್ನು ಬಿಟ್ಟು ಪುಸ್ತಕದಲ್ಲಿದ್ದಂತೆಯೇ ಮಾಡಿದೆ.

ಅಷ್ಟರಲ್ಲಿ ಅಕ್ಕೋರು ಕ್ಲಾಸು ಮುಚ್ಚಿ ಕೊರ್ಲಹಳ್ಳಿಯ ತಂಗಿಯ ಮನೆ ಸೇರಿದ್ದರು. ಹೋಗಬೇಕು, ಹೋಗಬೇಕು ಎನ್ನುವುದರಲ್ಲೇ... ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೇ ತಿಂಗಳಾದ ಮೇಲೆ.

ಓಡಿದೆ. ತಂಗಿ ಚಾಪೆ ಹಾಸಿ ಕೂಡಿಸಿ ನೀರು ಕೊಟ್ಟರು. ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕೋರಿಗೆ ಮಾತೇ ಹೋಗಿತ್ತಂತೆ. ನಮಗೆ ಕಲಿಸಲೆಂದು ತಾವೇ ಕಟ್ಟಿದ್ದ ಹಳೆಯ ಸರ್ವರಿನಿಂದ ನನಗೆ ಮೇಲ್ ಹಾಕುತ್ತಿದ್ದರಂತೆ.

“ನಾಕು ಸಲ ಬರದ್ಲವಾ. ನಾ ಫೋನ್ ಹಚ್ತೇನಿ ಅಂದ್ರ ಬ್ಯಾಡಂತ ಕೈ ಮಾಡಿದ್ಲು. ಅಕಿ ದಿನಾ ನೋಡ್ತಾಳ, ನಾನ ಕಲಿಸೇನಿ ಅಂತ ಪಾಟಿ ಮ್ಯಾಲೆ ಬರದು ತೋರಿಸಿದ್ಲು. ಏನ್ ಬರದಾಳ, ನನಗೂ ಒಂದೀಟು ಓದಿ ಹೇಳವಾ.”

“ಮನಿಗೆ ಹೋಗಿ ನೋಡಿ ಹೇಳ್ತೇನ್ರಿ,” ಎಂದೆ. ಪತ್ರಗಳ ಪ್ರತಿ ಇದ್ದ ಅಕ್ಕೋರ ಯಂತ್ರ ಆಗಲೇ ಗುಜರಿ ಸೇರಿತ್ತು.

ಮನೆಗೆ ಬಂದು ನನ್ನ ಸರ್ವರಿನ ದಾಖಲೆ ತೆಗೆದೆ. ಅವರ ವಿಳಾಸ ನಾಲ್ಕು ಕಡೆ ಇತ್ತು. ಎದುರಿಗೆ ತಾರೀಖು, ‘ಗುರುತು ಸಿಗದ ಸರ್ವರ್, ತಡೆಯಲಾಗಿದೆ’ ಎಂಬ ಮಾತು. ವಾರದ ಅಂತರದಲ್ಲಿ ‘ಅಳಿಸಲಾಗಿದೆ’. ಒಳಗಿನ ಒಂದು ಅಕ್ಷರವೂ ಉಳಿದಿರಲಿಲ್ಲ. ಕಳ್ಳರಿಗೆಂದು ಹಾಕಿದ ಚಿಲಕ ನನ್ನ ಅಕ್ಕೋರನ್ನೇ ಹೊರಗೆ ನಿಲ್ಲಿಸಿತ್ತು, ಹಾಕಿದವಳು ನಾನು. ಅಂದು ಅತ್ತಷ್ಟು ನಾನು ಎಂದೂ ಅತ್ತಿಲ್ಲ.

ಬಾ ಎಂದು ಕರೆದಿದ್ದರೋ, ಬೈದಿದ್ದರೋ, ಸುಮ್ಮನೆ ಹೇಗಿದ್ದೀ ಎಂದು ಕೇಳಿದ್ದರೋ... ನಾಲ್ಕನೆಯದನ್ನು ಬರೆದು ಎಷ್ಟು ದಿನ ಕಾದರೋ.

ಅವರ ತಂಗಿ ಈಗಲೂ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. “ಅಕ್ಕನ ಪತ್ರ ಸಿಕ್ಕುವೇನವಾ?” ಎನ್ನುತ್ತಾರೆ. “ಹುಡುಕಾಕತ್ತೇನ್ರಿ,” ಎನ್ನುತ್ತೇನೆ. ಇಮೇಲಿನಲ್ಲಿ ಮೂರು ಸರ್ಟಿಫಿಕೇಟು ಇರುವವಳು ಹುಡುಕುತ್ತಿದ್ದಾಳೆಂದು ಅವರು ನಂಬಿ ಫೋನ್ ಇಡುತ್ತಾರೆ.