ಒಂದೇ ಪ್ಲೇಟಿನಲ್ಲಿ ಲಿಂಗವೂ ಮುಖವೂ

ಫೋಟೋ ತೆಗೆಯಲು ಹೋಗಿದ್ದ ಬಾಗೂರಿನ ಒಂದು ಮನೆಯ ಪಡಸಾಲೆಯಲ್ಲಿ, ಬೆಳಕು ತಾಗದಂತೆ ಮುಸುಕೆಳೆದುಕೊಂಡು ಕುಳಿತು ಪೆಟ್ಟಿಗೆಯೊಳಗಿನ ಗಾಜಿನ ಪ್ಲೇಟುಗಳನ್ನು ಬೆರಳಲ್ಲಿ ಸವರಿ ನೋಡಿದೆ. ದುರ್ಗದಿಂದ ತಂದಿದ್ದ ಮೂರರಲ್ಲಿ ಎರಡು ಒಡೆದಿದ್ದವು. ಹೊಳಲ್ಕೆರೆ ದಾಟಿದ ಮೇಲೆ ಕೊರಕಲಿನಲ್ಲಿ ಗಾಡಿ ಎಗರಿದಾಗ ನಾನು ಗಾಡಿಯವನ ಮೇಲೆ ಹಾರಾಡಿದ್ದೆ. ಹಾರಾಡುವ ಬದಲು ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರೆ ಸಾಕಾಗಿತ್ತು. ಆದರೆ ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು, ಬುದ್ಧಿಯನ್ನು ಹುಡುಕಿಕೊಂಡು ಹೋಗಬೇಕಿತ್ತು.

ಚಿತ್ರ ತೆಗೆಯಬೇಕಾಗಿದ್ದದ್ದು ಆ ಮನೆಯ ಯಜಮಾನರದು. ಎದೆಯ ಕಾಯಿಲೆ. ಇನ್ನು ಹೆಚ್ಚು ದಿನ ಇಲ್ಲವೆಂದು ಪಂಡಿತರು ಹೇಳಿಹೋಗಿದ್ದರು. ಪೂಜೆಗೆ ಕೂತಂತೆ, ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು ಅದನ್ನೇ ನೋಡುತ್ತಿರುವ ಹಾಗೆ ಚಿತ್ರ ಆಗಬೇಕೆಂದು ಅವರ ಹಟ. ಲಿಂಗ ನಿಚ್ಚಳವಾಗಿ ಬರದಿದ್ದರೆ ಚಿತ್ರವೇ ಬೇಡ, ಮಣ್ಣಿಗೆ ಹೋಗುವ ಮುಖ ಕಟ್ಟಿಕೊಂಡು ಯಾರಿಗೇನು ಎಂದುಬಿಟ್ಟರು.

ಹಿತ್ತಲಲ್ಲಿ ಕೈ ತೊಳೆಯುವಾಗ ಅವರ ಹೆಂಡತಿ ಚೊಂಬಿನಿಂದ ನೀರು ಹಾಕುತ್ತ, ಒಳಗೆ ಕೇಳಿಸದಂತೆ ಅಂದರು:

"ಲಿಂಗ ನನ್ನ ಕೊರಳಾಗೂ ಐತಪ್ಪ. ಅವರ ಮುಖ ನಾನು ಎಲ್ಲಿಂದ ತರ್ಲಿ?"

ಮುಖಕ್ಕೂ ಅಂಗೈಗೂ ಒಂದೂವರೆ ಗೇಣು ಅಂತರ. ನನ್ನ ಲೆನ್ಸಿಗೆ ನಡುವೆ ತೂತಿರುವ ಹಿತ್ತಾಳೆಯ ಬಿಲ್ಲೆಗಳಿದ್ದವು. ಎಷ್ಟು ಬೆಳಕು ಬೇಕೋ ಅಷ್ಟು ತೂತಿನದನ್ನು ಲೆನ್ಸಿನ ಸೀಳಿನೊಳಗೆ ಇಳಿಬಿಡುವುದು. ದೊಡ್ಡ ತೂತಾದರೆ ಒಂದು ಎಣಿಸುವುದರೊಳಗೆ ಕೆಲಸ ಮುಗಿಯುತ್ತದೆ, ಆದರೆ ಲಿಂಗಕ್ಕೆ ಹೊಂದಿಸಿದರೆ ಮುಖ ಮಬ್ಬು, ಕಣ್ಣಿಗೆ ಹೊಂದಿಸಿದರೆ ಲಿಂಗ ಮಬ್ಬು. ಸಣ್ಣ ತೂತಾದರೆ ಹಿಂದಿನದು ಮುಂದಿನದು ಎರಡೂ ನಿಚ್ಚಳ, ಆದರೆ ಹನ್ನೆರಡು ಎಣಿಸುವ ತನಕ ಕೂತವರು ಅಲುಗಬಾರದು. ಯಜಮಾನರು ಆಗಷ್ಟೇ ನೀರು ಕುಡಿದಿದ್ದರು. ಚೊಂಬು ತುಟಿ ಮುಟ್ಟುವುದರೊಳಗೆ ಅರ್ಧ ನೀರು ಎದೆಯ ಮೇಲೆ ಚೆಲ್ಲಿದ್ದನ್ನು ನಾನೇ ನೋಡಿದ್ದೆ.

ಇದ್ದದ್ದು ಒಂದೇ ಪ್ಲೇಟು. ದೊಡ್ಡ ಬಿಲ್ಲೆ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ಮೋಸ. ಸಣ್ಣದು ಹಾಕಿದರೆ ಇಬ್ಬರಿಗೂ ಏನೂ ಸಿಗದೆ ಹೋಗಬಹುದು. ನಡುವಿನದೂ ಒಂದಿತ್ತು, ಅದರಲ್ಲಿ ಎರಡೂ ಅರೆಬರೆ. ಬೇರೆ ಯಾರಾದರೂ ಅದನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಅಂಥ ಕೆಲಸ ಮಾಡಿದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಆ ತಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, ಗಂಡನ ಹಿಂದೆ ಕೂತು ಮೊಳಕೈಗೆ ತಾವೇ ಆಸರೆ ಕೊಡುವುದಾಗಿ ಹೇಳಿದರು. ಆ ಮನೆಯ ಹೆಂಗಸರು ಕ್ಯಾಮೆರಾದ ಎದುರು ಬರುವುದು ದೂರದ ಮಾತು. ಹಾಗಾಗಿ ಯಜಮಾನರ ಬೆನ್ನ ಹಿಂದೆ ಅಡ್ಡ ಹಗ್ಗ ಕಟ್ಟಿ ಅದರ ಮೇಲೆ ಕರಿಯ ಕಂಬಳಿ ಇಳಿಬಿಟ್ಟೆವು. ಆ ತಾಯಿ ಅದರ ಹಿಂದೆ ಕೂತು, ಅಂಚಿನಿಂದ ಒಂದು ಕೈ ಮಾತ್ರ ಈಚೆ ಚಾಚಿ ಗಂಡನ ಮೊಳಕೈ ಹಿಡಿದರು. ಆ ಕೈಯ ಮೇಲೆ ಯಜಮಾನರ ಶಾಲು ಹೊದಿಸಿದೆ.

ಸಣ್ಣ ಬಿಲ್ಲೆ ಇಳಿಸಿ ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಕತ್ತಲೆಯೇ ಹೆಚ್ಚು, ಹಣೆಯ ವಿಭೂತಿಯಷ್ಟೇ ಬೆಳ್ಳಗೆ ಕಂಡಿತು. ದೇವರ ಮೇಲೆ ಭಾರ ಹಾಕಿ ಪ್ಲೇಟು ಕೂರಿಸಿ, ಲೆನ್ಸಿನ ಮುಚ್ಚಳ ತೆಗೆದು ಎಣಿಸತೊಡಗಿದೆ. ಯಜಮಾನರ ನೋಟ ಲಿಂಗದಲ್ಲಿ ನೆಟ್ಟಿತ್ತು. ಕೈ ಅಲುಗಲಿಲ್ಲ. ಏಳು ಎನ್ನುವಾಗ ಅವರ ಗಂಟಲ ಮಣಿ ಮೇಲೆದ್ದಿತು. ಕೆಮ್ಮು ಬರುತ್ತಿತ್ತು. ಈಗ ಮುಚ್ಚಿದರೆ ಬೆಳಕು ಸಾಲದು, ಬಿಟ್ಟರೆ ಒಂದು ಕೆಮ್ಮಿಗೆ ಎಲ್ಲ ಹಾಳು. ಎಂಟು. ಒಂಬತ್ತು. ಅವರ ಕಣ್ಣಲ್ಲಿ ನೀರು ತುಂಬಿತು, ರೆಪ್ಪೆ ಬಡಿಯಲಿಲ್ಲ. ಹನ್ನೆರಡಕ್ಕೆ ಮುಚ್ಚಳ ಹಾಕಿದೆನೋ ಇಲ್ಲವೋ, ತಡೆದಿದ್ದ ಕೆಮ್ಮೆಲ್ಲ ಒಮ್ಮೆಲೇ ಹೊರಬಿತ್ತು. ಕಂಬಳಿಯ ಹಿಂದಿನಿಂದ ಆ ತಾಯಿ ಓಡಿಬಂದು ಅವರ ಎದೆ ನೀವಿದರು.

ದುರ್ಗಕ್ಕೆ ಮರಳಿ ಕೆಂಪು ದೀಪದ ಕೆಳಗೆ ಪ್ಲೇಟು ತೊಳೆದಾಗ ನನಗೇ ನಂಬಿಕೆ ಬರಲಿಲ್ಲ. ಕಣ್ಣಿನ ರೆಪ್ಪೆ, ಗಲ್ಲದ ಕುರುಚಲು, ಅಂಗೈಯ ಗೆರೆ, ಲಿಂಗದ ಮೇಲಿನ ಹೊಳಪು, ಒಂದೂ ತಪ್ಪಿರಲಿಲ್ಲ. ಜೊತೆಗೆ ಮೊಳಕೈಯ ಕೆಳಗೆ ನಾಲ್ಕು ಬೆರಳು, ಮಣಿಕಟ್ಟಿನ ತುಂಬ ಗಾಜಿನ ಬಳೆ. ಎಣಿಸುವ ನಡುವೆ ಯಾವಾಗಲೋ ಶಾಲು ಜಾರಿದೆ, ಮುಖ ನೋಡುತ್ತಿದ್ದ ನಾನು ಅದನ್ನು ನೋಡಿಲ್ಲ. ದೊಡ್ಡ ಬಿಲ್ಲೆಯಾಗಿದ್ದರೆ ಆ ಬೆರಳು ಮಬ್ಬಿನಲ್ಲಿ ಮುಳುಗುತ್ತಿದ್ದವು, ಸಣ್ಣದು ಏನನ್ನೂ ಮುಚ್ಚಿಡಲಿಲ್ಲ. ಪೂಜೆಯ ಚಿತ್ರದಲ್ಲಿ ಹೆಂಗಸಿನ ಬಿಡಿ ಕೈ ಕಂಡರೆ ಮನೆಯವರು ಏನೆಂದಾರು? ಸಣ್ಣ ಚಾಕುವಿನಿಂದ ಬೆರಳು ಬಳೆ ಎಲ್ಲ ಕೆರೆದು ತೆಗೆದೆ. ಪ್ಲೇಟಿನಲ್ಲಿ ಕೆರೆದದ್ದು ಕಾಗದದ ಅಚ್ಚಿನಲ್ಲಿ ಕಪ್ಪಾಗಿ ಬೀಳುತ್ತದೆ, ಆ ಜಾಗ ಕಂಬಳಿಯ ಕಪ್ಪಿನೊಳಗೆ ಸೇರಿಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹತ್ತು ದಿನದ ಮೇಲೆ ಚಿತ್ರ ತೆಗೆದುಕೊಂಡು ಬಾಗೂರಿಗೆ ಹೋದೆ. ಯಜಮಾನರು ಲಿಂಗದ ಜೊತೆಗೇ ಮಣ್ಣು ಸೇರಿ ಐದು ದಿನವಾಗಿತ್ತು. ಆ ತಾಯಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಮುಖವನ್ನು ನೋಡೇ ನೋಡಿದರು. ಕಣ್ಣೊರೆಸಿಕೊಂಡರು. ಅವರ ಬಾಯಿಂದ ಒಂದು ಮೆಚ್ಚಿನ ಮಾತು ಬರಲೆಂದು ಕಾದು ನಿಂತಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರ ಬೆರಳು ಮುಖದಿಂದ ಲಿಂಗಕ್ಕೆ, ಅಲ್ಲಿಂದ ಮೊಳಕೈಗೆ ಇಳಿದು ನಿಂತಿತು. ಬಳೆ ತೆಗೆದ ಅವರ ಮಣಿಕಟ್ಟು ಬರಿದಾಗಿತ್ತು.

"ಇಲ್ಲಿ ನನ್ನ ಕೈ ಇತ್ತಲ್ಲಪ್ಪ."

ಚಿತ್ರ ಕೆಡಬಾರದೆಂದು ನಾನೇ ತೆಗೆದೆ ಎಂದೆ. ಅವರು ತಲೆ ಎತ್ತಲಿಲ್ಲ.

"ಶಾಲು ಜಾರಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ನೆ ಕುಂತಿದ್ದೆ."