ಫುಟ್‌ಪಾತ್ ಮೇಷ್ಟ್ರು

ರಿಟೈರಾದ ಡ್ರಿಲ್ ಮೇಷ್ಟ್ರು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಔಷಧಿ ಅಂಗಡಿ ಮುಂದಿನ ಫುಟ್‌ಪಾತಿಗೆ ಬಂದು ಎರಡೂ ಕೈ ಚಾಚಿ ನಿಂತರೆಂದರೆ, ಸಿಗ್ನಲ್ ತಪ್ಪಿಸಲು ಮೇಲೆ ಹತ್ತಿದ ಸ್ಕೂಟರುಗಳಿಗೆಲ್ಲ ಅಲ್ಲೇ ಬ್ರೇಕು. “ಇದು ನಡೆಯೋರ ದಾರಿ ಕಣಯ್ಯ, ಗಾಲಿ ಇರೋದಕ್ಕೆ ಅಷ್ಟಗಲ ರಸ್ತೆ ಬಿದ್ದಿದೆ, ಇಳಿಸು!” ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗಬೇಕು, ಸ್ಕೇಟಿಂಗ್ ಹುಡುಗಿಯರು ಚಕ್ರದ ಬೂಟು ಕಳಚಿ ಕೈಯಲ್ಲಿ ಹಿಡಿಯಬೇಕು, ಸ್ವಂತ ಮೊಮ್ಮಗಳ ಮೂರು ಗಾಲಿ ಸೈಕಲ್ಲಿಗೂ ರಿಯಾಯಿತಿಯಿಲ್ಲ. ಬೈಗುಳವನ್ನಂತೂ ದಿನಾ ತಿನ್ನುತ್ತಾರೆ. ಒಮ್ಮೆ ಯಾರದೋ ಹ್ಯಾಂಡಲ್ ಬಡಿದು ಮೊಣಕೈ ಮುರಿದಾಗ, ಮರುದಿನ ಒಂದೇ ಕೈ ಚಾಚಿ ನಿಂತರು. ಬೀದಿಯೆಲ್ಲ ನಕ್ಕಿತು. ಔಷಧಿ ಅಂಗಡಿಯಾಕೆ ಮಾತ್ರ ಸ್ಟೂಲು ತಂದು ಕೂರಿಸಿ, “ನಿಮ್ಮೋರು ಯಾರಾದ್ರೂ ಇಲ್ಲಿ ಸ್ಕೂಟರಿಗೆ ಸಿಕ್ಕಿದ್ರಾ ಮೇಷ್ಟ್ರೇ?” ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಚಾಚಿದ್ದ ಕೈಯನ್ನು ತೊಡೆ ಮೇಲೆ ಇಳಿಸಿದರು. “ನಮ್ಮೋರಲ್ಲ ತಾಯಿ. ಯಾರೋ ಒಬ್ಬಾಕೆ, ಔಷಧಿ ಚೀಟಿ ಓದ್ಕೊಂಡು ಬರ್ತಿದ್ಲು. ಸ್ಕೂಲ್ ಬೆಲ್ಲಿಗೆ ಐದೇ ನಿಮಿಷ ಇತ್ತು, ರಸ್ತೆ ಜಾಮಾಗಿತ್ತು. ಸ್ಕೂಟರನ್ನ ಫುಟ್‌ಪಾತಿಗೆ ಹತ್ತಿಸಿದೋನು ನಾನೇ,” ಎಂದರು. “ಆಕೆ ಮತ್ತೆ ಏಳ್ಲೇ ಇಲ್ಲ.”